ನಂಬರ್ ಸರಿಯಿತ್ತು, ಕನ್ನಡಕ ಸರಿಯಿರಲಿಲ್ಲ

ಕರಡು ತಿದ್ದುವುದು ನನ್ನ ಕೆಲಸ. ‘ದ’ಕಾರಕ್ಕೂ ಹೊಟ್ಟೆ ಸೀಳಿದ ‘ಧ’ಕಾರಕ್ಕೂ ನಡುವೆ ಇರುವುದು ಕೂದಲೆಳೆಯಷ್ಟು ಸಣ್ಣದೊಂದು ಗೀಟು, ಆ ಗೀಟು ಕಾಣದಿದ್ದರೆ ನನ್ನ ಕೆಲಸ ಕೆಟ್ಟಂತೆಯೇ. ವಯಸ್ಸು 45 ದಾಟಿದ ಮೇಲೆ ಒಂದು ದಿನ, ಸಂಜೆಯಾಗುತ್ತಿದ್ದಂತೆ ಆ ಗೀಟು ಕಾಣುತ್ತಿಲ್ಲವೆಂಬುದು ನನ್ನ ಗಮನಕ್ಕೆ ಬಂತು. ವಿಚಿತ್ರವೆಂದರೆ, ಕನ್ನಡಕ ತೆಗೆದು ಹಾಳೆಯನ್ನು ಮುಖದ ಹತ್ತಿರಕ್ಕೆ ತಂದರೆ ಅದೇ ಅಕ್ಷರ ಕಲ್ಲಿನಲ್ಲಿ ಕೊರೆದಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಚಿಕ್ಕಂದಿನಿಂದ ಮೈನಸ್ ನಂಬರಿನ ಕನ್ನಡಕ ಹಾಕುವವರಿಗೆ ಚಾಳೀಸು ಬರುವುದಿಲ್ಲವೆಂದು ಯಾರೋ ಹೇಳಿದ್ದನ್ನು ನಾನು ಅಲ್ಲಿಯವರೆಗೂ ನಂಬಿಕೊಂಡು ಬಂದಿದ್ದೆ.

ಅದು ಅರ್ಧ ಸತ್ಯವೆಂದು ಆಮೇಲೆ ತಿಳಿಯಿತು. ಕಣ್ಣಿನೊಳಗಿನ ಮಸೂರ ವಯಸ್ಸಾದಂತೆ ಬಿರುಸಾಗುತ್ತದೆ. ಹತ್ತಿರದ್ದನ್ನು ನೋಡಲು ಅದು ಉಬ್ಬಬೇಕಾದಷ್ಟು ಉಬ್ಬುವುದಿಲ್ಲ. ಇದು ಎಲ್ಲರಿಗೂ ಆಗುವಂಥದ್ದು, ಮೈನಸ್ ನಂಬರಿನವರಿಗೂ ಆಗುತ್ತದೆ. ಆದರೆ ನನ್ನದರಂತೆ ಮೈನಸ್ 4 ಡಯಾಪ್ಟರ್ (ಮಸೂರದ ಶಕ್ತಿಯ ಅಳತೆ) ನಂಬರಿನ ಕಣ್ಣು ಕನ್ನಡಕವಿಲ್ಲದಿದ್ದಾಗ ಯಾವ ಶ್ರಮವೂ ಇಲ್ಲದೆ 25 ಸೆಂಟಿಮೀಟರ್ ದೂರದಲ್ಲಿರುವುದನ್ನು ಸ್ಪಷ್ಟವಾಗಿ ನೋಡುತ್ತದೆ. ಹಾಗಾಗಿ ನನಗೆ ಚಾಳೀಸು ಬಂದಿದ್ದರೂ ಕನ್ನಡಕ ತೆಗೆದ ಕೂಡಲೇ ಅದು ಮರೆಯಾಗುತ್ತಿತ್ತು. ತೊಂದರೆ ಇದ್ದದ್ದು ಅರುವತ್ತು ಸೆಂಟಿಮೀಟರ್ ಆಚೆಗಿನ ಕಂಪ್ಯೂಟರ್ ಪರದೆಯಲ್ಲಿ: ಕನ್ನಡಕ ಹಾಕಿಕೊಂಡರೆ ಕಣ್ಣಿಗೆ ಆಯಾಸ, ತೆಗೆದರೆ ಬರೀ ಮಂಜು.

ಈ ಲೆಕ್ಕವೊಂದೂ ಗೊತ್ತಿಲ್ಲದ ನಾನು ನೇರವಾಗಿ ಕನ್ನಡಕದ ಅಂಗಡಿಗೆ ಹೋದೆ. ಕಣ್ಣಿನ ವಿಷಯದಲ್ಲಿ ಮೂರು ಬೇರೆ ಬೇರೆ ವೃತ್ತಿಯವರಿದ್ದಾರೆಂಬುದು ನನಗೆ ಸ್ಪಷ್ಟವಾಗಿ ಗೊತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಆಫ್ತಾಲ್ಮಾಲಜಿಸ್ಟ್ (ನೇತ್ರವೈದ್ಯರು), ಆಪ್ಟೊಮೆಟ್ರಿಸ್ಟ್ (ದೃಷ್ಟಿ ಪರೀಕ್ಷಿಸುವವರು), ಆಪ್ಟಿಷಿಯನ್ (ಕನ್ನಡಕವನ್ನು ಅಳೆದು ಕೂರಿಸುವವರು) ಎಂಬ ಆ ಮೂರೂ ಹೆಸರುಗಳು ಹೆಚ್ಚುಕಡಿಮೆ ಒಂದೇ ರೀತಿ ಆರಂಭವಾಗುವುದರಿಂದ ಅವು ಒಂದೇ ಕೆಲಸದ ಮೇಲಿನ ಮತ್ತು ಕೆಳಗಿನ ದರ್ಜೆಗಳಿರಬೇಕೆಂದು ಭಾವಿಸಿದ್ದೆ. ಅಂಗಡಿಯಲ್ಲಿ ಒಂದು ಯಂತ್ರದ ಮುಂದೆ ಗಲ್ಲವಿಟ್ಟು ಒಳಗೆ ಇಣುಕಲು ಹೇಳಿದರು. ಉದ್ದನೆಯ ರಸ್ತೆಯ ತುದಿಯಲ್ಲಿ ಬಣ್ಣದ ಬಲೂನೊಂದು ಮಸುಕಾಗಿ, ಮತ್ತೆ ಸ್ಪಷ್ಟವಾಗಿ ಕಂಡಿತು. ಕಣ್ಣು ದೂರಕ್ಕೆ ನೋಡುತ್ತಿರುವಂತೆ ಸಡಿಲಗೊಳ್ಳಲೆಂದೇ ಆ ಚಿತ್ರವನ್ನು ಬೇಕೆಂದು ಮಸುಕುಗೊಳಿಸುತ್ತಾರಂತೆ. ಯಂತ್ರ ಒಂದು ಚೀಟಿಯನ್ನು ಮುದ್ರಿಸಿತು. ಆಮೇಲೆ ನಾಲ್ಕೈದು ನಿಮಿಷ ಗಾಜು ಬದಲಾಯಿಸುತ್ತ ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿನಲ್ಲಿ ಕಾಣುವ ಪ್ರೊಗ್ರೆಸಿವ್ ಮಸೂರ ಹಾಕಿಸುವುದೆಂದು ನಿಶ್ಚಯವಾಯಿತು. ಒಬ್ಬರು ಸ್ಕೇಲು ಹಿಡಿದು ಕಣ್ಣುಗಳ ನಡುವಿನ ಅಂತರವನ್ನು ಅಳೆದುಕೊಂಡರು, ಫ್ರೇಮಿನ ಮೇಲೊಂದು ಗುರುತು ಹಾಕಿಕೊಂಡರು. ಎಲ್ಲವೂ ಮುಗಿದ ಮೇಲೆ ನಾನು ಮತ್ತೊಂದು ಫ್ರೇಮನ್ನು ನೋಡಿ, ಮೊದಲಿನದಕ್ಕಿಂತ ಇದೇ ಒಪ್ಪುತ್ತದೆಂದು ಬದಲಾಯಿಸಿಕೊಂಡೆ. ಯಾರೂ ಮತ್ತೆ ಅಳೆಯಲಿಲ್ಲ. ಅಳೆಯಬೇಕೆಂದು ನನಗೂ ಹೊಳೆಯಲಿಲ್ಲ. ಮುಂದಿನ ಪಾಡಿನಲ್ಲಿ ಅಂಗಡಿಯವರ ಪಾಲಿನಷ್ಟೇ ನನ್ನ ಪಾಲೂ ಇದೆಯೆಂದು ಈಗ ಒಪ್ಪಿಕೊಳ್ಳುತ್ತೇನೆ.

ಹೊಸ ಕನ್ನಡಕ ಹಾಕಿಕೊಂಡಾಗ ನೆಲ ತೂಗಿದಂತಾಯಿತು. ಮೆಟ್ಟಿಲಿಳಿಯುವಾಗ ಕಾಲು ಎಲ್ಲಿಡಬೇಕೆಂದು ತಡವರಿಸುವಂತಾಯಿತು. ಪ್ರೊಗ್ರೆಸಿವ್ ಮಸೂರಕ್ಕೆ ಹೊಂದಿಕೊಳ್ಳಲು ಎರಡು ವಾರ ಬೇಕಾಗಬಹುದೆಂದು ಅಂಗಡಿಯಲ್ಲಿ ಹೇಳಿದ್ದರು. ಆ ಮಾತೇನೂ ಸುಳ್ಳಲ್ಲ. ಆದರೆ ಎರಡು ವಾರ ಕಳೆದರೂ ಪರದೆಯನ್ನು ಓದಲು ಗಲ್ಲವನ್ನು ಮೇಲೆತ್ತಲೇಬೇಕಾಗುತ್ತಿತ್ತು. ಸಂಜೆಯ ಹೊತ್ತಿಗೆ ಕತ್ತು ಹಿಡಿದುಕೊಳ್ಳುತ್ತಿತ್ತು, ಹುಬ್ಬುಗಳ ನಡುವೆ ನೋವು ಶುರುವಾಗುತ್ತಿತ್ತು. ನಂಬರ್ ತಪ್ಪಾಗಿದೆಯೆಂದು ನಾನೇ ತೀರ್ಮಾನಿಸಿ ಇನ್ನೊಂದು ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿದೆ. ಅಲ್ಲಿ ಬಂದ ನಂಬರಿಗೂ ಮೊದಲಿನದಕ್ಕೂ ಕಾಲು ಡಯಾಪ್ಟರ್ ವ್ಯತ್ಯಾಸವಿತ್ತು. ಕನ್ನಡಕದ ನಂಬರ್ ಏರುವುದೂ ಇಳಿಯುವುದೂ 0.25ರ ಮೆಟ್ಟಿಲಿನಲ್ಲಿಯೇ; ಅಂದರೆ ಇದು ಇರಬಹುದಾದ ಅತಿ ಸಣ್ಣ ವ್ಯತ್ಯಾಸ. ಅದನ್ನು ತಿಳಿಯದ ನಾನು ಎರಡು ಚೀಟಿಗಳನ್ನು ಅಕ್ಕಪಕ್ಕ ಇಟ್ಟು, ಇಬ್ಬರಲ್ಲಿ ಯಾರನ್ನು ನಂಬುವುದೆಂಬ ಗೊಂದಲದಲ್ಲಿ ಕೆಲವು ದಿನ ಕಳೆದೆ.

ಸ್ನೇಹಿತರೊಬ್ಬರು ಹೇಳಿದ್ದರಿಂದ, ಕನ್ನಡಕ ಮಾರದೆ ದೃಷ್ಟಿ ಪರೀಕ್ಷೆಯನ್ನಷ್ಟೇ ಮಾಡುವ ಆಪ್ಟೊಮೆಟ್ರಿಸ್ಟ್ ಒಬ್ಬರ ಬಳಿ ಸಮಯ ಗೊತ್ತುಮಾಡಿಕೊಂಡೆ. ಆಕೆ ಮೊದಲು ಯಂತ್ರದ ಬಳಿಗೆ ಹೋಗಲಿಲ್ಲ. ಎದುರು ಕೂತು ಪ್ರಶ್ನೆ ಕೇಳತೊಡಗಿದರು. ಸಕ್ಕರೆ ಕಾಯಿಲೆ ಇದೆಯೇ, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಎಂಬ ಕಣ್ಣಿನ ನರದ ಕಾಯಿಲೆ ಇತ್ತೇ, ಸ್ಟಿರಾಯ್ಡ್ ಔಷಧ ತೆಗೆದುಕೊಂಡಿದ್ದೀರಾ, ದಿನಕ್ಕೆ ಎಷ್ಟು ಹೊತ್ತು ಎಷ್ಟು ದೂರದಲ್ಲಿ ಓದುತ್ತೀರಿ. ರಕ್ತದಲ್ಲಿ ಸಕ್ಕರೆ ಏರಿಳಿದರೆ ಕಣ್ಣಿನ ನಂಬರೂ ತಾತ್ಕಾಲಿಕವಾಗಿ ಏರಿಳಿಯುತ್ತದೆಂದೂ, ಅಂಥ ಸಮಯದಲ್ಲಿ ಮಾಡಿಸಿದ ಕನ್ನಡಕ ಒಂದು ತಿಂಗಳಲ್ಲೇ ತಪ್ಪಾಗಬಹುದೆಂದೂ ವಿವರಿಸಿದರು. ಕೊನೆಗೆ, ಬೇರೇನಾದರೂ ಕಾಣಿಸಿಕೊಂಡಿದೆಯೇ ಎಂದು ಕೇಳಿದಾಗ ನಾನು ಅಷ್ಟೇನೂ ಮಹತ್ವ ಕೊಡದೆ ಹೇಳಿದೆ: ಎರಡು ದಿನದಿಂದ ಕತ್ತಲಲ್ಲಿ ಕಣ್ಣು ಹೊರಳಿಸಿದರೆ ಎಡಗಣ್ಣಿನ ಅಂಚಿನಲ್ಲಿ ಮಿಂಚು ಹೊಳೆದಂತಾಗುತ್ತಿದೆ, ಅಲ್ಪವಿರಾಮದ ಆಕಾರದ ಕಪ್ಪು ಚುಕ್ಕೆಯೊಂದು ಬಿಳಿಯ ಹಾಳೆಯ ಮೇಲೆ ತೇಲಾಡುತ್ತಿದೆ.

ಆಕೆ ಕೈಯಲ್ಲಿದ್ದ ಪರೀಕ್ಷೆಯ ಚೌಕಟ್ಟನ್ನು ಕೆಳಗಿಟ್ಟರು. ‘ಇವತ್ತು ನಾನು ನಿಮಗೆ ನಂಬರ್ ಬರೆದುಕೊಡುವುದಿಲ್ಲ. ಇಲ್ಲಿಂದ ನೇರವಾಗಿ ರೆಟಿನಾ, ಅಂದರೆ ಕಣ್ಣಿನ ಹಿಂಬದಿಯ ಒಳಪದರ, ನೋಡುವ ವೈದ್ಯರ ಬಳಿಗೆ ಹೋಗಿ, ನಾಳೆಗೆ ಇಟ್ಟುಕೊಳ್ಳಬೇಡಿ. ಅಲ್ಲಿ ಕಣ್ಣಿಗೆ ಡ್ರಾಪ್ಸ್ ಹಾಕುತ್ತಾರೆ, ಗಾಡಿ ನೀವೇ ಓಡಿಸಬೇಡಿ’ ಎಂದು ಹೇಳಿ, ಕಂಡುಬಂದ ಲಕ್ಷಣಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಅದುವರೆಗೆ ನಾನು ಎರಡು ಕಡೆ ಪರೀಕ್ಷೆ ಮಾಡಿಸಿಕೊಂಡಿದ್ದೆ. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ದೊಡ್ಡ ಉಪಕಾರವನ್ನು ಮಾಡಿದವರು ಇವರೊಬ್ಬರೇ. ತಾನು ಮಾಡಬಲ್ಲ ಕೆಲಸವನ್ನು ನಿಲ್ಲಿಸಿ ಇನ್ನೊಬ್ಬರ ಬಳಿಗೆ ಕಳಿಸುವುದು ಕೂಡ ಆ ವೃತ್ತಿಯ ತರಬೇತಿಯ ಭಾಗವೆಂಬುದು ನನಗೆ ಅಂದು ತಿಳಿಯಿತು.

ನೇತ್ರವೈದ್ಯರು ವೈದ್ಯಕೀಯ ಓದಿ, ಆಮೇಲೆ ಕಣ್ಣಿನ ರೋಗ ಮತ್ತು ಶಸ್ತ್ರಚಿಕಿತ್ಸೆಯಲ್ಲಿ ಪರಿಣತಿ ಪಡೆದವರು. ಅವರು ಮೊದಲು ಕಣ್ಣಿನ ಒತ್ತಡವನ್ನು ನೋಡಿದರು. ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟು ಇರಬೇಕಾದದ್ದು ನನಗೆ 16 ಇತ್ತು. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿ ಅರ್ಧ ಗಂಟೆ ಕೂರಿಸಿದರು. ಬಳಿಕ ಹಣೆಗೆ ದೀಪ ಕಟ್ಟಿಕೊಂಡು, ಕೈಯಲ್ಲೊಂದು ಮಸೂರ ಹಿಡಿದು, ಮೇಲೆ ನೋಡಿ, ಮೇಲೆ ಬಲಕ್ಕೆ, ಬಲಕ್ಕೆ, ಕೆಳಗೆ ಬಲಕ್ಕೆ ಎನ್ನುತ್ತ ಎಂಟು ದಿಕ್ಕಿನಲ್ಲೂ ಕಣ್ಣಿನ ಒಳಗೋಡೆಯನ್ನು ಹುಡುಕಿದರು. ಅಷ್ಟು ಪ್ರಖರವಾದ ಬೆಳಕನ್ನು ತಡೆದುಕೊಳ್ಳುವುದು ಸುಲಭವಾಗಿರಲಿಲ್ಲ. ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯಿತು.

ಕಣ್ಣಿನ ಒಳಗೆ ತುಂಬಿರುವ ಜೆಲ್ಲಿಯಂಥ ವಸ್ತು ವಯಸ್ಸಾದಂತೆ ನೀರಾಗುತ್ತ, ಕುಗ್ಗುತ್ತ, ಹಿಂಬದಿಯ ರೆಟಿನಾದಿಂದ ಬಿಡಿಸಿಕೊಳ್ಳುತ್ತದೆ. ಮೈನಸ್ ನಂಬರಿನವರ ಕಣ್ಣುಗುಡ್ಡೆ ತುಸು ಉದ್ದವಾಗಿರುವುದರಿಂದ ಅವರಲ್ಲಿ ಇದು ಬೇಗ ಆಗುತ್ತದೆ. ಬಿಡಿಸಿಕೊಳ್ಳುವಾಗ ರೆಟಿನಾವನ್ನು ಜಗ್ಗಿದರೆ ಮಿಂಚು ಕಾಣುತ್ತದೆ. ಜಗ್ಗುವಿಕೆ ಬಲವಾಗಿ ರೆಟಿನಾ ಹರಿದರೆ ಆ ಸೀಳಿನೊಳಗೆ ದ್ರವ ನುಗ್ಗಿ ರೆಟಿನಾವೇ ಕಳಚಿಕೊಳ್ಳಬಹುದು. ಸೀಳು ಮಾತ್ರ ಇದ್ದಾಗಲೇ ಕಂಡುಬಂದರೆ ಲೇಸರ್‌ನಿಂದ ಅದರ ಸುತ್ತ ಬೆಸೆಯಬಹುದು. ಕಳಚಿಕೊಂಡ ಮೇಲೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ನನ್ನ ಕಣ್ಣಿನಲ್ಲಿ ಸೀಳು ಇರಲಿಲ್ಲ. ಆರು ವಾರಗಳ ನಂತರ ಮತ್ತೆ ಬರಬೇಕೆಂದೂ, ಅಷ್ಟರೊಳಗೆ ಕಪ್ಪು ಚುಕ್ಕೆಗಳು ಮಸಿ ಚೆಲ್ಲಿದಂತೆ ಹೆಚ್ಚಾದರೆ ಅಥವಾ ನೋಟದ ಒಂದು ಬದಿಯಿಂದ ಪರದೆ ಇಳಿಬಿಟ್ಟಂತೆ ಕತ್ತಲಾದರೆ ಒಂದು ಗಂಟೆಯೂ ಕಾಯಬಾರದೆಂದೂ ಎಚ್ಚರಿಸಿದರು. ಇದ್ದಕ್ಕಿದ್ದಂತೆ ದೃಷ್ಟಿ ಮಂಕಾಗುವುದು, ಒಂದು ವಸ್ತು ಎರಡಾಗಿ ಕಾಣುವುದು, ನೋವಿನೊಡನೆ ಕಣ್ಣು ಕೆಂಪಾಗುವುದು, ಕಣ್ಣಿಗೆ ಪೆಟ್ಟು ಬೀಳುವುದು, ರಾಸಾಯನಿಕ ಸಿಡಿಯುವುದು ಇವೆಲ್ಲವೂ ಕನ್ನಡಕದ ಅಂಗಡಿಗೆ ಒಯ್ಯುವ ಸಂಗತಿಗಳಲ್ಲವೆಂದು ಸೇರಿಸಿದರು. ರಾಸಾಯನಿಕ ಬಿದ್ದರಂತೂ ವೈದ್ಯರನ್ನು ಹುಡುಕುವ ಮೊದಲೇ ಶುದ್ಧ ನೀರಿನಲ್ಲಿ ಧಾರಾಳವಾಗಿ ತೊಳೆಯುತ್ತಿರಬೇಕು.

ಇಷ್ಟು ದೊಡ್ಡ ವೈದ್ಯರ ಮುಂದೆ ಕೂತಿದ್ದೇನೆ, ಕನ್ನಡಕದ ನಂಬರನ್ನೂ ಇವರಿಂದಲೇ ಬರೆಸಿಕೊಂಡು ಹೋಗೋಣವೆಂಬ ಆಸೆಯಿಂದ ಕೇಳಿಯೇಬಿಟ್ಟೆ. ಅವರು ನಕ್ಕು, ‘ಡ್ರಾಪ್ಸ್ ಹಾಕಿದ ಕಣ್ಣಿಗೆ ಹತ್ತಿರದ್ದನ್ನು ನೋಡುವ ಶಕ್ತಿಯೇ ಈಗ ಇರುವುದಿಲ್ಲ. ಇವತ್ತು ಓದುವ ನಂಬರ್ ಬರೆದರೆ ಅದು ನಿಮ್ಮ ನಂಬರ್ ಆಗುವುದಿಲ್ಲ. ನಿಮ್ಮನ್ನು ಕಳಿಸಿದವರ ಬಳಿಗೇ ಇನ್ನೊಂದು ದಿನ ಹೋಗಿ, ಆ ಕೆಲಸವನ್ನು ಅವರು ನನಗಿಂತ ಚೆನ್ನಾಗಿ ಮಾಡುತ್ತಾರೆ’ ಎಂದರು. ಮೇಲಿನ ದರ್ಜೆ, ಕೆಳಗಿನ ದರ್ಜೆ ಎಂಬ ನನ್ನ ಲೆಕ್ಕ ಅಲ್ಲಿಗೆ ಮುಗಿಯಿತು. ಆಪ್ಟೊಮೆಟ್ರಿಸ್ಟರು ಏನೇನು ಮಾಡಬಹುದೆಂಬ ಕಾನೂನು ಎಲ್ಲ ದೇಶಗಳಲ್ಲಿ ಒಂದೇ ಅಲ್ಲ. ಕೆಲವು ಕಡೆ ಅವರು ಕಣ್ಣಿನ ಕೆಲವು ಔಷಧಗಳನ್ನೂ ಬರೆಯಬಹುದು, ಕೆಲವು ಕಡೆ ಬರೆಯುವಂತಿಲ್ಲ. ಆದರೆ ಕಣ್ಣಿನ ನಂಬರನ್ನು ನಿಧಾನವಾಗಿ, ಪ್ರಶ್ನೆ ಕೇಳಿ ಕೇಳಿ ಕಂಡುಹಿಡಿಯುವುದು ಅವರ ಕಸುಬಿನ ತಿರುಳು.

ಆಪ್ಟೊಮೆಟ್ರಿಸ್ಟರ ಬಳಿಗೆ ಮತ್ತೆ ಹೋದೆ. ಆ ಎರಡನೆಯ ಭೇಟಿಯಲ್ಲಿ ಪರೀಕ್ಷೆ ಸುಮಾರು ಮುಕ್ಕಾಲು ಗಂಟೆ ನಡೆಯಿತು. ಯಂತ್ರದ ಚೀಟಿ ಇಲ್ಲಿಯೂ ಬಂತು, ಆದರೆ ಅದು ಆರಂಭವಷ್ಟೇ. ಕೆಂಪು ಮತ್ತು ಹಸಿರು ಹಿನ್ನೆಲೆಯ ಅಕ್ಷರಗಳನ್ನು ತೋರಿಸಿ ಯಾವುದು ಹೆಚ್ಚು ಕಪ್ಪಾಗಿ ಕಾಣುತ್ತದೆಂದು ಕೇಳಿದರು. ಹಸಿರಿನ ಮೇಲಿನವು ಎದ್ದು ಕಂಡರೆ ಮೈನಸ್ ಹೆಚ್ಚಾಗಿದೆಯೆಂದು ಅರ್ಥ. ಬಳಿಕ ಹಿಡಿಯಿರುವ ಪುಟ್ಟ ಮಸೂರವೊಂದನ್ನು ಕಣ್ಣ ಮುಂದೆ ತಿರುಗಿಸುತ್ತ, ಇದು ಚೆನ್ನಾಗಿದೆಯೋ ಅದು ಚೆನ್ನಾಗಿದೆಯೋ ಎಂಬ ಆ ಪ್ರಸಿದ್ಧ ಪ್ರಶ್ನೆ ಶುರುವಾಯಿತು. ಪರೀಕ್ಷೆಯಲ್ಲಿ ತಪ್ಪು ಉತ್ತರ ಬರೆಯುವ ವಿದ್ಯಾರ್ಥಿಯ ಅಳುಕು ನನಗೆ ಪ್ರತಿ ಸಲವೂ ಆಗುತ್ತದೆ. ಎರಡೂ ಒಂದೇ ರೀತಿ ಕಂಡಾಗ ಏನಾದರೊಂದು ಹೇಳಬೇಕೆಂದು ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತಿದ್ದೆ. ಎರಡೂ ಒಂದೇ ಎನಿಸಿದರೆ ಹಾಗೆಯೇ ಹೇಳಬೇಕು, ಆ ಘಟ್ಟವನ್ನೇ ತಾನು ಹುಡುಕುತ್ತಿರುವುದು ಎಂದು ಆಕೆ ತಿಳಿಸಿದ ಮೇಲೆ ಎಷ್ಟೋ ವರ್ಷದ ಅಳುಕು ಇಳಿಯಿತು. ಕೊನೆಗೆ ನಾನು ಹಾಳೆಯನ್ನು ಹಿಡಿಯುವ ದೂರ, ಪರದೆಯಿರುವ ದೂರ ಎರಡನ್ನೂ ಟೇಪಿನಿಂದ ಅಳೆದು, ಹತ್ತಿರದ ನೋಟಕ್ಕೆ ಪ್ಲಸ್ 1.50 ಕೂಡಿಸಿದರು. ಮೈನಸ್ 4ಕ್ಕೆ ಅಷ್ಟು ಕೂಡಿಸಿದರೆ ಓದುವ ಭಾಗದಲ್ಲಿ ಉಳಿಯುವುದು ಮೈನಸ್ 2.50.

ಈ ನಂಬರನ್ನು ಮೊದಲ ಅಂಗಡಿಯ ಚೀಟಿಯೊಡನೆ ಹೋಲಿಸಿದಾಗ ಒಂದು ಕಣ್ಣಿನಲ್ಲಿ ಕಾಲು ಡಯಾಪ್ಟರ್ ಬಿಟ್ಟರೆ ಉಳಿದದ್ದೆಲ್ಲ ಒಂದೇ ಆಗಿತ್ತು. ನಾನು ಪೆಚ್ಚಾದೆ. ನಂಬರ್ ಸರಿಯಿದ್ದರೆ ಈ ತಲೆನೋವು ಎಲ್ಲಿಂದ ಬಂತು? ಆಕೆ ಆ ಕನ್ನಡಕವನ್ನು ಈಸಿಕೊಂಡು, ಬೆಳಕಿಗೆ ಓರೆಯಾಗಿ ಹಿಡಿದು, ಗಾಜಿನ ಎರಡು ಬದಿಗಳಲ್ಲಿ ಬರಿಗಣ್ಣಿಗೆ ಸುಲಭವಾಗಿ ಕಾಣದ ಸಣ್ಣ ಕೆತ್ತನೆಯ ಗುರುತುಗಳನ್ನು ಹುಡುಕಿದರು. ಪ್ರೊಗ್ರೆಸಿವ್ ಮಸೂರಗಳಲ್ಲಿ ಅವು ಇರುತ್ತವೆ. ಅವುಗಳ ಆಧಾರದಿಂದ, ಪಾಪೆ ಇರಬೇಕಾದ ಜಾಗದಲ್ಲಿ ಪೆನ್ನಿನಿಂದ ಗುಣಾಕಾರದ ಗುರುತು ಹಾಕಿ, ಕನ್ನಡಕ ಹಾಕಿಕೊಂಡು ಕನ್ನಡಿ ನೋಡಲು ಹೇಳಿದರು. ಎರಡು ಗುರುತುಗಳೂ ನನ್ನ ಪಾಪೆಗಳಿಂದ ಹೊರಕ್ಕೆ ಸರಿದು, ಕೆಳಗೆ ಇಳಿದು ಕೂತಿದ್ದವು. ನನ್ನ ಪಾಪೆಗಳ ನಡುವಿನ ಅಂತರ 60 ಮಿಲಿಮೀಟರ್. ಗಾಜು ಕೂರಿಸಿದ್ದು 64ಕ್ಕೆ. ಎತ್ತರದಲ್ಲಿ 3 ಮಿಲಿಮೀಟರ್ ಕೆಳಗೆ, ಏಕೆಂದರೆ ಅಳತೆ ತೆಗೆದದ್ದು ನಾನು ಬಿಟ್ಟುಬಂದ ಫ್ರೇಮಿನದು.

ಮಸೂರದ ನಡುಬಿಂದುವಿನಲ್ಲಿ ನೋಡಿದರೆ ಬೆಳಕು ನೇರವಾಗಿ ಬರುತ್ತದೆ. ನಡುವನ್ನು ಬಿಟ್ಟು ಪಕ್ಕದಲ್ಲಿ ನೋಡಿದರೆ ಮಸೂರವೇ ಪ್ರಿಸಮ್ಮಿನಂತೆ ಬೆಳಕನ್ನು ಓರೆ ಮಾಡುತ್ತದೆ. ಎಷ್ಟು ಓರೆಯೆಂಬುದಕ್ಕೆ ಸರಳವಾದ ಲೆಕ್ಕವಿದೆ: ಎಷ್ಟು ಸೆಂಟಿಮೀಟರ್ ಸರಿದಿದೆಯೋ ಅದನ್ನು ನಂಬರಿನಿಂದ ಗುಣಿಸಬೇಕು. ಪ್ರತಿ ಕಣ್ಣಿಗೆ 2 ಮಿಲಿಮೀಟರ್, ಅಂದರೆ 0.2 ಸೆಂಟಿಮೀಟರ್, ಅದನ್ನು 4ರಿಂದ ಗುಣಿಸಿದರೆ 0.8, ಎರಡೂ ಕಣ್ಣು ಸೇರಿ 1.6 ಪ್ರಿಸಮ್ ಡಯಾಪ್ಟರ್. ಕೇಳಲು ಅತ್ಯಲ್ಪ. ಆದರೆ ನನ್ನ ಕಣ್ಣುಗಳು ಒಂದೇ ಚಿತ್ರ ಕಾಣಬೇಕಾದರೆ ದಿನವಿಡೀ ಹೊರಮುಖವಾಗಿ ತಿರುಗಬೇಕಾಗಿತ್ತು, ಮತ್ತು ಮನುಷ್ಯನ ಕಣ್ಣುಗಳಿಗೆ ಒಳಕ್ಕೆ ತಿರುಗುವುದು ಎಷ್ಟು ಸಲೀಸೋ ಹೊರಕ್ಕೆ ತಿರುಗುವುದು ಅಷ್ಟೇ ಕಷ್ಟ. ಹುಬ್ಬುಗಳ ನಡುವಿನ ನೋವು ಅದರ ಫಲ. ಓದುವ ಭಾಗ 3 ಮಿಲಿಮೀಟರ್ ಕೆಳಗಿದ್ದದ್ದರಿಂದ ಗಲ್ಲ ಮೇಲೆತ್ತಬೇಕಾಗುತ್ತಿತ್ತು. ನಂಬರ್ ಬರೆದವರು ತಪ್ಪು ಮಾಡಿರಲಿಲ್ಲ. ಗಾಜನ್ನು ಫ್ರೇಮಿಗೆ ಕೂರಿಸುವ ಅಳತೆ ತಪ್ಪಿತ್ತು. ಅದು ಮೂರನೆಯ ವೃತ್ತಿಯವರ, ಆಪ್ಟಿಷಿಯನ್ನರ ಕ್ಷೇತ್ರ.

ಇನ್ನೊಂದು ಅಂಗಡಿಯಲ್ಲಿ ನನಗೆ ಸಿಕ್ಕ ಹಿರಿಯ ಆಪ್ಟಿಷಿಯನ್ ಒಬ್ಬರು ಅಳತೆಗೆ ಕೈಹಾಕುವ ಮೊದಲು ಫ್ರೇಮನ್ನೇ ನನ್ನ ಮುಖಕ್ಕೆ ಹೊಂದಿಸಿದರು. ಕಡ್ಡಿಗಳನ್ನು ಬಿಸಿ ಮಾಡಿ ಬಾಗಿಸಿ, ಮೂಗಿನ ಮೇಲೆ ಕೂರುವ ಪ್ಯಾಡುಗಳನ್ನು ಸರಿಪಡಿಸಿ, ಕನ್ನಡಕ ಜಾರದಂತೆ ಮಾಡಿದ ಮೇಲೆ ಎದುರಿಗೆ, ನನ್ನ ಕಣ್ಣಿನ ಮಟ್ಟಕ್ಕೆ ಕೂತರು. ಮೊದಲು ಅಳೆದು ಆಮೇಲೆ ಫ್ರೇಮ್ ಬಗ್ಗಿಸಿದರೆ ಅಳತೆಗೆ ಅರ್ಥವಿಲ್ಲ ಎಂಬುದು ಅವರ ಮಾತು. ಮೂಗಿನ ನಡುವಿನಿಂದ ಬಲಗಣ್ಣಿಗೆ 30.5, ಎಡಗಣ್ಣಿಗೆ 29.5 ಮಿಲಿಮೀಟರ್ ಬಂತು. ಬಹುತೇಕರ ಮುಖ ಎರಡೂ ಕಡೆ ಸರಿಸಮವಾಗಿರುವುದಿಲ್ಲವಾದ್ದರಿಂದ ಒಟ್ಟು ಅಂತರವನ್ನು ಸುಮ್ಮನೆ ಎರಡರಿಂದ ಭಾಗಿಸಬಾರದಂತೆ. ನಾನು ಎದ್ದು ನಾಲ್ಕು ಹೆಜ್ಜೆ ನಡೆದು ಬಂದು ಸಹಜವಾಗಿ ನಿಂತ ಮೇಲೆ ಎತ್ತರವನ್ನು ಮತ್ತೊಮ್ಮೆ ನೋಡಿದರು. ಅಳೆಯುವಾಗ ಎಲ್ಲರೂ ಫೋಟೊಗೆ ನಿಂತವರಂತೆ ಕತ್ತು ನೆಟ್ಟಗೆ ಮಾಡಿಕೊಳ್ಳುತ್ತಾರಂತೆ.

ಫ್ರೇಮ್ ಆರಿಸುವುದು ನನ್ನಂಥವರಿಗೆ ಒಂದು ಹಾಸ್ಯಪ್ರಸಂಗವೇ ಸರಿ. ಖಾಲಿ ಫ್ರೇಮ್ ಹಾಕಿಕೊಂಡು ಕನ್ನಡಿ ನೋಡಿದರೆ ಕಾಣುವುದು ಮಂಜಿನೊಳಗಿನ ಒಂದು ಮುಖಾಕೃತಿ. 25 ಸೆಂಟಿಮೀಟರ್ ತನಕ ಮಾತ್ರ ಸ್ಪಷ್ಟವಾಗಿ ಕಾಣುವವರು ಕನ್ನಡಿಯಿಂದ ಹನ್ನೆರಡೂವರೆ ಸೆಂಟಿಮೀಟರ್ ದೂರದಲ್ಲಿ ನಿಲ್ಲಬೇಕು, ಆಗ ಮೂಗು ಬಿಟ್ಟು ಬೇರೇನೂ ಕಾಣುವುದಿಲ್ಲ. ಆ ಆಪ್ಟಿಷಿಯನ್ನರೇ ಮೊಬೈಲಿನಲ್ಲಿ ಫೋಟೊ ತೆಗೆದು, ನನ್ನ ಹಳೆಯ ಕನ್ನಡಕ ಹಾಕಿಸಿ ತೋರಿಸಿದರು. ಕಡ್ಡಿಯ ಒಳಬದಿಯಲ್ಲಿ ಅಚ್ಚಾಗಿರುವ 48, 20, 145 ಎಂಬ ಅಂಕಿಗಳು ಗಾಜಿನ ಅಗಲ, ಮೂಗಿನ ಮೇಲಿನ ಸೇತುವೆ, ಕಡ್ಡಿಯ ಉದ್ದ ಇವುಗಳ ಮಿಲಿಮೀಟರ್ ಲೆಕ್ಕವೆಂದು ಅಂದೇ ತಿಳಿದದ್ದು. ಮೈನಸ್ ಗಾಜು ಅಂಚಿನಲ್ಲಿ ದಪ್ಪವಾಗುವುದರಿಂದ, ದುಬಾರಿಯಾದ ಅತಿ ತೆಳು ಗಾಜಿಗಿಂತ ಸಣ್ಣ ಫ್ರೇಮು ಹೆಚ್ಚು ಪ್ರಯೋಜನಕಾರಿ ಎಂದರು. ನನ್ನ ನಂಬರಿಗೆ 1.6 ವಕ್ರೀಭವನ ಸೂಚ್ಯಂಕದ (ಇದು ಹೆಚ್ಚಾದಷ್ಟೂ ಗಾಜು ತೆಳು) ಗಾಜು ಸಾಕು, 1.74 ಬೇಕಿಲ್ಲವೆಂದು ತಾವಾಗಿಯೇ ಹೇಳಿದರು. ಪರದೆಯ ನೀಲಿ ಬೆಳಕನ್ನು ತಡೆಯುವ ಲೇಪನದ ಬಗ್ಗೆ ನಾನೇ ಕೇಳಿದೆ. ಪ್ರತಿಫಲನ ತಡೆಯುವ ಲೇಪನ ಬೇರೆ, ಅದು ಬೇಕು. ನೀಲಿಯದ್ದು ನಿಮ್ಮ ಇಷ್ಟ ಎಂದಷ್ಟೇ ಉತ್ತರಿಸಿದರು. ವೈದ್ಯಕೀಯ ಪ್ರಯೋಗಗಳನ್ನು ಪರಾಮರ್ಶಿಸುವ ಕಾಕ್ರೇನ್ ಸಂಸ್ಥೆ 2023ರಲ್ಲಿ ಪ್ರಕಟಿಸಿದ, 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿಯೂ ಅಂಥ ಗಾಜಿನಿಂದ ಅಲ್ಪಾವಧಿಯಲ್ಲಿ ಕಣ್ಣಿನ ಆಯಾಸ ಕಡಿಮೆಯಾಗಲಿಕ್ಕಿಲ್ಲವೆಂಬ ಅಭಿಪ್ರಾಯಕ್ಕೇ ಬಂದಿದೆ. ನಾನು ಹಾಕಿಸಲಿಲ್ಲ.

ಹೊರಗೆ ಓಡಾಡಲು ಪ್ರೊಗ್ರೆಸಿವ್, ಮೇಜಿನ ಕೆಲಸಕ್ಕೆ ಕೆಳಗೆ ಹಾಳೆಯೂ ಮೇಲೆ ಪರದೆಯೂ ಅಗಲವಾಗಿ ಕಾಣುವ ಇನ್ನೊಂದು ಬಗೆಯ ಮಸೂರ ಎಂದು ಎರಡು ಕನ್ನಡಕಗಳನ್ನು ಮಾಡಿಸಿದೆ. ಒಂದೇ ಕನ್ನಡಕ ಎಲ್ಲ ಕೆಲಸಕ್ಕೂ ಆಗಬೇಕೆಂಬ ಹಟವನ್ನು ಬಿಟ್ಟದ್ದು ನನ್ನ ಮಟ್ಟಿಗೆ ದೊಡ್ಡ ರಾಜಿ. ಕನ್ನಡಕ ಸಿದ್ಧವಾದ ದಿನ, ಕಾರ್ಖಾನೆಯಲ್ಲಿ ಗಾಜಿನ ಮೇಲೆ ಮುದ್ರಿಸಿದ್ದ ಗುರುತುಗಳನ್ನು ಒರೆಸದೆ ಹಾಗೆಯೇ ನನ್ನ ಮುಖಕ್ಕೆ ಹಾಕಿ, ಗುರುತು ಪಾಪೆಯ ಮೇಲೆ ಸರಿಯಾಗಿ ಕೂತದ್ದನ್ನು ಕನ್ನಡಿಯಲ್ಲಿ ನನಗೂ ತೋರಿಸಿದರು. ಆಮೇಲೆ ಒರೆಸಿದರು. ಇಷ್ಟನ್ನು ಮೊದಲ ಅಂಗಡಿಯಲ್ಲಿ ಕೇಳಿದ್ದರೆ ನನ್ನ ಎರಡು ತಿಂಗಳು ಉಳಿಯುತ್ತಿದ್ದವು. ನೆಲ ತೂಗುವುದು ನಾಲ್ಕು ದಿನಕ್ಕೆ ನಿಂತಿತು, ಕತ್ತು ನೋವು ಮರುಕಳಿಸಲಿಲ್ಲ.

ಆರನೆಯ ವಾರ ನೇತ್ರವೈದ್ಯರು ಮತ್ತೆ ಡ್ರಾಪ್ಸ್ ಹಾಕಿ ಎಂಟು ದಿಕ್ಕಿನಲ್ಲೂ ನೋಡಿ, ರೆಟಿನಾ ಭದ್ರವಾಗಿದೆಯೆಂದೂ, ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕೆಂದೂ ಹೇಳಿದರು. ಮಿಂಚು ನಿಂತಿದೆ. ಅಲ್ಪವಿರಾಮ ಮಾತ್ರ ಹೋಗಿಲ್ಲ. ಅದು ಹೋಗುವಂಥದ್ದಲ್ಲವಂತೆ, ಕ್ರಮೇಣ ಮೆದುಳು ಅದನ್ನು ಗಮನಿಸುವುದನ್ನು ಬಿಡುತ್ತದೆ. ನನ್ನ ಕೆಲಸದಲ್ಲಿ ಅದು ಅಷ್ಟು ಸುಲಭವಲ್ಲ. ಹೊಸ ಕನ್ನಡಕದಲ್ಲಿ ‘ಧ’ಕಾರದ ಗೀಟು ಸಂಜೆಯಲ್ಲೂ ಸ್ಪಷ್ಟವಾಗಿ ಕಾಣುತ್ತದೆ, ಆದರೆ ಆಗೊಮ್ಮೆ ಈಗೊಮ್ಮೆ ವಾಕ್ಯದ ನಡುವೆ ಬೇಡದ ಕಡೆ ಒಂದು ಅಲ್ಪವಿರಾಮ ಕಂಡು, ಅದನ್ನು ಹೊಡೆದುಹಾಕಲು ಕೆಂಪು ಪೆನ್ನು ಎತ್ತುತ್ತೇನೆ, ಅಷ್ಟರಲ್ಲಿ ಅದು ತೇಲಿಕೊಂಡು ಮುಂದಿನ ಸಾಲಿಗೆ ಹೋಗಿರುತ್ತದೆ.